ದವಡೆಯ ಕಟಕ್ ಸದ್ದು ನಿಂತಿತು, ಈಗ ಬಾಯಿಯೇ ತೆರೆಯುತ್ತಿಲ್ಲ. ಯಾರಿಗೆ ತೋರಿಸಲಿ?

ಶಿರಸಿ_ಹುಡುಗಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆದಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ನನಗೆ 29. ಊರು ಶಿರಸಿ ಕಡೆ, ಕೆಲಸ ಬೆಂಗಳೂರಿನ ಒಂದು ಆಡಿಟರ್ ಆಫೀಸಿನಲ್ಲಿ. ಎರಡು ವರ್ಷದಿಂದ ಬಾಯಿ ತೆರೆದಾಗಲೆಲ್ಲ ಬಲಗಿವಿಯ ಮುಂದೆ ಕಟಕ್ ಅಂತ ಸದ್ದು ಬರುತ್ತಿತ್ತು. ನೋವಿರಲಿಲ್ಲ. ಪಿಜಿಯಲ್ಲಿ ಪಕ್ಕ ಕೂತು ಊಟ ಮಾಡುವವಳಿಗೂ ಕೇಳಿಸುತ್ತಿತ್ತು, "ಏನೇ ಅದು, ಬಾಗಿಲ ಚಿಲಕವಾ" ಅಂತ ನಗುತ್ತಿದ್ದಳು. ನಾನೂ ನಕ್ಕು ಸುಮ್ಮನಾಗುತ್ತಿದ್ದೆ.

ಮೂರು ವಾರದ ಹಿಂದೆ ಒಂದು ಬೆಳಿಗ್ಗೆ ಹಲ್ಲುಜ್ಜಲು ನಿಂತರೆ ಬ್ರಷ್ ಹಿಂದಿನ ದವಡೆ ಹಲ್ಲಿಗೆ ತಲುಪುತ್ತಲೇ ಇಲ್ಲ. ಬಾಯಿ ಅರ್ಧಕ್ಕೇ ನಿಂತುಬಿಡುತ್ತದೆ, ಒಳಗೆ ಏನೋ ಅಡ್ಡ ಸಿಕ್ಕಿಕೊಂಡ ಹಾಗೆ. ವಿಚಿತ್ರ ಅಂದರೆ ಅವತ್ತಿನಿಂದ ಸದ್ದು ಪೂರ್ತಿ ಮಾಯ. ನನ್ನದೇ ಬೆರಳು ಇಟ್ಟು ನೋಡಿದೆ, ಎರಡು ಬೆರಳು ಕಷ್ಟಪಟ್ಟು ಹೋಗುತ್ತವೆ. ಬಲಗಿವಿ ಒಳಗೆ ನೋವು, ಸಂಜೆ ಹೊತ್ತಿಗೆ ಕಣತಲೆ ಹಿಡಿದುಕೊಳ್ಳುತ್ತದೆ. ಚಪಾತಿ ಅಗಿಯುವುದಂತೂ ಬಿಟ್ಟೇಬಿಟ್ಟೆ.

ಇಲ್ಲಿವರೆಗೆ ಮೂರು ಡಾಕ್ಟರ್ ಆಯಿತು. ಇಎನ್‌ಟಿ ಅವರು ಕಿವಿ ಚೆನ್ನಾಗಿದೆ ಅಂದರು, ಡ್ರಾಪ್ಸ್ ಬರೆದುಕೊಟ್ಟರು. (ಚೆನ್ನಾಗಿದ್ದರೆ ಡ್ರಾಪ್ಸ್ ಯಾಕೆ ಅಂತ ಮನೆಗೆ ಬಂದ ಮೇಲೆ ಹೊಳೆಯಿತು.) ಎರಡನೆಯದು ಹಲ್ಲಿನ ಕ್ಲಿನಿಕ್, ಓಪಿಜಿ ಎಕ್ಸ್‌ರೇ ತೆಗೆಸಿ "ನಿಮ್ಮ ಬೈಟ್ (ಮೇಲಿನ ಕೆಳಗಿನ ಹಲ್ಲು ಕೂಡುವ ರೀತಿ) ಸರಿಯಿಲ್ಲ, ನಾಲ್ಕೈದು ಹಲ್ಲು ಸ್ವಲ್ಪ ಸವೆಸಿ ಸಮ ಮಾಡೋಣ, ಆಮೇಲೆ ಕ್ಲಿಪ್ ಹಾಕೋಣ" ಅಂದರು. ಮೂರನೆಯವರು ಎಂಆರ್‌ಐ ಮಾಡಿಸಿಕೊಂಡು ಬನ್ನಿ, ಬೇಕಾದರೆ ಆಪರೇಷನ್ ಅಂದರು. ಅಮ್ಮ ಫೋನಿನಲ್ಲಿ ಹರಳೆಣ್ಣೆ ಹಚ್ಚಿ ಶಾಖ ಕೊಡು ಅನ್ನುತ್ತಾಳೆ. ಸತ್ಯ ಹೇಳಬೇಕೆಂದರೆ ಇವತ್ತಿನವರೆಗೆ ಒಂಚೂರು ಹಿತ ಅನಿಸಿದ್ದು ಅಮ್ಮನ ಶಾಖದಿಂದ ಮಾತ್ರ.

ಯಾರಿಗೆ ತೋರಿಸಬೇಕು? ಎಂಆರ್‌ಐ ನಿಜವಾಗಲೂ ಬೇಕಾ? ಹಲ್ಲು ಸವೆಸಿದರೆ ಸರಿಹೋಗುತ್ತದಾ?

ಕುಂದಾಪ್ರ_ಮಾಣಿ

ತಂಗಿ, ನನಗೂ ಆಗಿತ್ತು. ರಾತ್ರಿ ಯಕ್ಷಗಾನದ ಆಟ ನೋಡಲು ಹೋಗಿ ಬೆಳಗಿನ ಜಾವ ನಾಲ್ಕಕ್ಕೆ ಒಂದು ದೊಡ್ಡ ಆಕಳಿಕೆ ತೆಗೆದೆ, ಬಾಯಿ ಮುಚ್ಚಲೇ ಇಲ್ಲ. ಬಾಯಿ ಬಿಟ್ಟುಕೊಂಡೇ ಬೈಕಿನ ಹಿಂದೆ ಕೂತು ಆಸ್ಪತ್ರೆಗೆ ಹೋದೆ, ಜೊಲ್ಲು ಬೇರೆ. ದಾರಿಯಲ್ಲಿ ಸಿಕ್ಕವರೆಲ್ಲ ನಾನು ಆಟದ ಗುಂಗಿನಲ್ಲಿ ಇದ್ದೇನೆ ಅಂದುಕೊಂಡರು. ಡಾಕ್ಟರ್ ಕೈಗೆ ಗಾಜ್ ಸುತ್ತಿಕೊಂಡು ಎರಡೂ ಹೆಬ್ಬೆರಳನ್ನು ಕೆಳಗಿನ ದವಡೆ ಹಲ್ಲಿನ ಮೇಲೆ ಇಟ್ಟು ಕೆಳಕ್ಕೆ ಒತ್ತಿ ಹಿಂದಕ್ಕೆ ತಳ್ಳಿದರು, ಟಪ್ ಅಂತ ಕೂತಿತು. ನೀವೂ ಯಾರಾದರೂ ಗೊತ್ತಿದ್ದವರ ಹತ್ತಿರ ಒಂದು ಸಲ ಹಾಗೆ ಒತ್ತಿಸಿಕೊಳ್ಳಿ, ಐದು ನಿಮಿಷದ ಕೆಲಸ.

ಹಲ್ಲು_ಡಾಕ್ಟ್ರು

ಮಾಣಿ, ನಿಮ್ಮ ಕಥೆ ಚೆನ್ನಾಗಿದೆ, ಆದರೆ ನಿಮಗೆ ಆದದ್ದು ಇದರ ಉಲ್ಟಾ. ದಯವಿಟ್ಟು ಯಾರೂ ಮನೆಯಲ್ಲಿ ಒತ್ತಿಸಿಕೊಳ್ಳಬೇಡಿ.

ನಾನು ಓದಿದ್ದು ಓರಲ್ ಮೆಡಿಸಿನ್, ದವಡೆ ನೋವಿನವರನ್ನು ದಿನಾ ನೋಡುತ್ತೇನೆ. ಮುಟ್ಟಿ ನೋಡದೆ ಇದೇ ಕಾಯಿಲೆ ಅಂತ ಹೇಳಲಾರೆ. ಆದರೆ "ಸದ್ದು ನಿಂತಿತು, ಅವತ್ತಿನಿಂದ ಬಾಯಿ ತೆರೆಯುತ್ತಿಲ್ಲ" ಅಂತ ನೀವು ಬರೆದ ಒಂದು ಸಾಲು ಓಪಿಜಿಗಿಂತ ಜಾಸ್ತಿ ಹೇಳುತ್ತದೆ.

ಕಿವಿಯ ತೂತಿನ ಸ್ವಲ್ಪ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ ನೋಡಿ. ದವಡೆ ಮೂಳೆಯ ಗುಂಡಗಿನ ತುದಿ ಓಡಾಡುವುದು ಕೈಗೆ ಸಿಗುತ್ತದೆ. ಈ ಕೀಲು ಬಾಗಿಲಿನ ಕೀಲಿನ ಹಾಗೆ ಬರೀ ತಿರುಗುವುದಿಲ್ಲ, ಮೊದಲು ಇದ್ದಲ್ಲೇ ತಿರುಗಿ ಆಮೇಲೆ ಮುಂದಕ್ಕೆ ಜಾರುತ್ತದೆ. ಆ ಮೂಳೆಗೂ ತಲೆಬುರುಡೆಗೂ ನಡುವೆ ನಾರಿನಂಥ ಒಂದು ಪುಟ್ಟ ಡಿಸ್ಕ್ ಇದೆ. ಸರಿಯಿದ್ದಾಗ ಅದು ಮೂಳೆಯ ತಲೆಯ ಮೇಲೆ ಟೋಪಿಯ ಹಾಗೆ ಕೂತು ಜೊತೆಗೇ ಓಡಾಡುತ್ತದೆ. ನಿಮಗೆ ಎರಡು ವರ್ಷ ಟೋಪಿ ಮುಂದಕ್ಕೆ ಜಾರಿತ್ತು ಅನಿಸುತ್ತದೆ. ಬಾಯಿ ತೆರೆದಾಗ ಮೂಳೆ ಮುಂದೆ ಹೋಗಿ ಮತ್ತೆ ಅದರೊಳಗೆ ತಲೆ ತೂರಿಸುತ್ತಿತ್ತು, ಕಟಕ್ ಅಂದದ್ದು ಅದೇ. ಈಗ ತೂರಿಸಲು ಆಗುತ್ತಿಲ್ಲ, ಟೋಪಿಯೇ ದಾರಿಗೆ ಅಡ್ಡ ಬಿದ್ದಿದೆ. ಅದಕ್ಕೇ ಸದ್ದೂ ಇಲ್ಲ, ಬಾಯಿಯೂ ಇಲ್ಲ. ನಾವು ಇದಕ್ಕೆ ಕ್ಲೋಸ್ಡ್ ಲಾಕ್ ಅನ್ನುತ್ತೇವೆ. ಮಾಣಿಗೆ ಆದದ್ದು ಮೂಳೆಯೇ ಗುಳಿಯಿಂದ ಮುಂದೆ ಹೋಗಿ ಕೂತದ್ದು.

ಒಂದು ಕೆಲಸ ಮಾಡಿ. ಕನ್ನಡಿ ಮುಂದೆ ನಿಧಾನಕ್ಕೆ ಬಾಯಿ ತೆರೆಯಿರಿ. ಗಲ್ಲ ಬಲಕ್ಕೆ ವಾಲುತ್ತದಾ ನೋಡಿ. ಬಲಗಡೆ ಕೀಲು ಜಾರುತ್ತಿಲ್ಲ, ಎಡಗಡೆಯದು ಜಾರುತ್ತಿದೆ ಅಂದರೆ ಗಲ್ಲ ಬಲಕ್ಕೇ ಎಳೆಯುತ್ತದೆ. ಬಾಯಿ ಎಷ್ಟು ತೆರೆಯುತ್ತದೆ ಅಂತ ಸ್ಕೇಲ್ ಇಟ್ಟು ಬರೆದುಕೊಳ್ಳಿ. ಸಾಮಾನ್ಯವಾಗಿ ದೊಡ್ಡವರ ಬಾಯಿ 40ರಿಂದ 50 ಮಿಲಿಮೀಟರ್ ತೆರೆಯುತ್ತದೆ, ಅಂದರೆ ನಿಮ್ಮದೇ ಮೂರು ಬೆರಳು ನಿಲ್ಲಿಸಿ ಇಡುವಷ್ಟು.

ಇನ್ನು ಪರೀಕ್ಷೆಯ ವಿಷಯ. ಇದಕ್ಕೆ ಜಗತ್ತಿನಾದ್ಯಂತ ಬಳಸುವ ಒಂದು ಪದ್ಧತಿ ಇದೆ, 2014ರಲ್ಲಿ ಪ್ರಕಟವಾದ ಡಿಸಿ‌ ಟಿಎಂಡಿ. ಅದರಲ್ಲಿ ಮುಖ್ಯ ಕೆಲಸ ಕೈಯದು, ಮಷಿನ್ನಿನದಲ್ಲ. ಕೆನ್ನೆಯ ಸ್ನಾಯು, ಕಣತಲೆಯ ಸ್ನಾಯು ಇವನ್ನು ಸುಮಾರು 1 ಕಿಲೋ ಒತ್ತಡದಲ್ಲಿ ಒತ್ತಬೇಕು, ಕೀಲಿನ ಮೇಲೆ ಅರ್ಧ ಕಿಲೋ. ನಾನು ಕಲಿಯುವಾಗ ಅಡುಗೆಮನೆ ತಕ್ಕಡಿ ಮೇಲೆ ಬೆರಳೊತ್ತಿ ಒತ್ತಿ ಅಭ್ಯಾಸ ಮಾಡಿದ್ದೆ, ಈಗಲೂ ಹೊಸ ಹುಡುಗರಿಗೆ ಅದನ್ನೇ ಮಾಡಿಸುತ್ತೇನೆ. ಒತ್ತಿದ ಮೇಲೆ "ನೋಯುತ್ತದಾ" ಅಂತ ಕೇಳಿದರೆ ಸಾಲದು. "ನೀವು ಹೇಳಿಕೊಂಡು ಬಂದ ನೋವು ಇದೇನಾ" ಅಂತ ಕೇಳಬೇಕು. ಜೋರಾಗಿ ಒತ್ತಿದರೆ ಯಾರಿಗಾದರೂ ನೋಯುತ್ತದೆ, ಅಲ್ವಾ. ನಿಮ್ಮನ್ನು ನೋಡಿದ ಮೂವರಲ್ಲಿ ಯಾರಾದರೂ ಇದನ್ನು ಮಾಡಿದರಾ?

ಓಪಿಜಿಯಲ್ಲಿ ಮೂಳೆ ಮಾತ್ರ ಕಾಣುತ್ತದೆ, ಡಿಸ್ಕ್ ಕಾಣುವುದೇ ಇಲ್ಲ. ಡಿಸ್ಕ್ ನೋಡಲು ಎಂಆರ್‌ಐ ಬೇಕು, ನಿಜ. ಆದರೆ ಯಾವ ನೋವೂ ಇಲ್ಲದ ಜನರ ಎಂಆರ್‌ಐ ತೆಗೆದರೂ ಸುಮಾರು ಮೂರರಲ್ಲಿ ಒಬ್ಬರಿಗೆ ಡಿಸ್ಕ್ ಜಾರಿರುವುದು ಕಾಣುತ್ತದೆ. ಹಾಗಾಗಿ ಫಿಲ್ಮ್ ನೋಡಿ ಆಪರೇಷನ್ ನಿರ್ಧಾರ ಮಾಡುವಂತಿಲ್ಲ. ಮೊದಲ ಕೆಲವು ವಾರದ ಚಿಕಿತ್ಸೆ ಎಂಆರ್‌ಐ ಇದ್ದರೂ ಇಲ್ಲದಿದ್ದರೂ ಒಂದೇ. ಅದು ಕೆಲಸ ಮಾಡದಿದ್ದರೆ ಆಮೇಲೆ ತೆಗೆಸೋಣ.

ಹಲ್ಲು ಸವೆಸುವುದಕ್ಕೆ ನನ್ನ ಉತ್ತರ: ಬೇಡ. ಸವೆಸಿದ ಹಲ್ಲು ವಾಪಸ್ ಬೆಳೆಯುವುದಿಲ್ಲ. ಈ ಬೈಟ್ ಕಥೆ ಹಳೆಯದು. 1934ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಜೇಮ್ಸ್ ಕಾಸ್ಟನ್ ಅಂತ ಒಬ್ಬ ಇಎನ್‌ಟಿ ವೈದ್ಯರು ಕಿವಿ ನೋವು, ಕಿವಿ ಕಟ್ಟುವುದು ಇವಕ್ಕೆಲ್ಲ ಹಿಂದಿನ ಹಲ್ಲು ಬಿದ್ದು ದವಡೆ ಕುಸಿದದ್ದೇ ಕಾರಣ ಅಂತ ಬರೆದರು. ಆ ವಿವರಣೆ ಮುಂದೆ ನಿಲ್ಲಲಿಲ್ಲ, ಆದರೆ ಬೈಟ್ ಸರಿಮಾಡಿದರೆ ಕೀಲು ಸರಿಯಾಗುತ್ತದೆ ಅನ್ನುವ ನಂಬಿಕೆ ಇನ್ನೂ ಕ್ಲಿನಿಕ್‌ಗಳಲ್ಲಿ ಓಡಾಡುತ್ತಿದೆ. ಹಲ್ಲು ವಕ್ರ ಇದ್ದು ಕ್ಲಿಪ್ ಬೇಕೆಂದರೆ ಹಾಕಿಸಿಕೊಳ್ಳಿ, ಅದು ಬೇರೆ ವಿಷಯ. ದವಡೆ ನೋವಿಗೆ ಅಂತ ಹಾಕಿಸಿಕೊಳ್ಳಬೇಡಿ.

ಯಾರಿಗೆ ತೋರಿಸಬೇಕು ಅಂದರೆ, ಯಾವುದಾದರೂ ಡೆಂಟಲ್ ಕಾಲೇಜಿನ ಓರಲ್ ಮೆಡಿಸಿನ್ ವಿಭಾಗ, ಇಲ್ಲವೇ ಓರಲ್ ಸರ್ಜರಿ ವಿಭಾಗ. ಬೆಂಗಳೂರಿನಲ್ಲಿ ಕೋಟೆ ಹತ್ತಿರದ ಸರ್ಕಾರಿ ಡೆಂಟಲ್ ಕಾಲೇಜೂ ಇದೆ. ಬೇಗ ಹೋಗಿ. ಲಾಕ್ ಆಗಿ ಜಾಸ್ತಿ ದಿನ ಆಗಿಲ್ಲದಿದ್ದರೆ ಕೈಯಿಂದ ಮೂಳೆಯನ್ನು ಕೆಳಕ್ಕೆ, ಮುಂದಕ್ಕೆ ಎಳೆದು ಬಿಡಿಸಲು ಪ್ರಯತ್ನಿಸಬಹುದು. ದಿನ ಕಳೆದಷ್ಟೂ ಅದು ಕಷ್ಟ. ಗಮನಿಸಿ, ಮುಂದಕ್ಕೆ. ಮಾಣಿಗೆ ಹಿಂದಕ್ಕೆ ತಳ್ಳಿದ್ದು. ಅದಕ್ಕೇ ಮನೆಯಲ್ಲಿ ಬೇಡ ಅಂದದ್ದು.

ಬಾಗಲಕೋಟಿ_ಅಕ್ಕ

ಡಾಕ್ಟ್ರು ಹೇಳಿದ್ದು ಖರೇ ಅದರೀ. ನನ್ನ ಅನುಭವವನ್ನೂ ಸೇರಿಸುತ್ತೇನೆ, ನಂದು ಕೀಲಲ್ಲ, ಸ್ನಾಯುವಿನ ನೋವು.

ಬೆಳಿಗ್ಗೆ ಎದ್ದರೆ ಎರಡೂ ಕೆನ್ನೆ ಭಾರ, ಎಲ್ಲಿ ನೋವು ಅಂತ ಕೇಳಿದರೆ ಒಂದು ಬೆರಳಿಟ್ಟು ತೋರಿಸಲು ಆಗುತ್ತಿರಲಿಲ್ಲ, ಅಂಗೈ ಪೂರ್ತಿ ಇಟ್ಟು ತೋರಿಸುತ್ತಿದ್ದೆ. ಯಾವ ಹಲ್ಲು ಅಂತ ನನಗೇ ಗೊತ್ತಾಗದೆ ಒಬ್ಬರ ಹತ್ತಿರ ರೂಟ್ ಕೆನಾಲ್ ಮಾಡಿಸಿಕೊಂಡೆ, ನೋವು ಹೋಗಲಿಲ್ಲ, ಪಕ್ಕದ ಹಲ್ಲಿಗೂ ಮಾಡೋಣ ಅಂದರು, ಆವಾಗ ಓಡಿಬಂದೆ. ಒಳ್ಳೆ ಹಲ್ಲು ಒಂದು ಹಾಳಾಯಿತು. ಕೊನೆಗೆ ಒಬ್ಬ ಮೇಡಂ ಕೆನ್ನೆ ಒತ್ತಿದರು ನೋಡಿ, ನೋವು ನೇರ ಆ ಹಲ್ಲಿಗೇ ಹೋಯಿತು! ಹಲ್ಲು ಮುಟ್ಟಿರಲೇ ಇಲ್ಲ ಅವರು.

ರಾತ್ರಿ ಹಲ್ಲು ಕಡಿಯುತ್ತೇನೆ ಅಂತ ನಮ್ಮ ಯಜಮಾನರಿಗೆ ಮೊದಲಿಂದ ಗೊತ್ತಿತ್ತಂತೆ, ಹೇಳಿರಲಿಲ್ಲ. ಆದರೆ ದೊಡ್ಡ ಕಾರಣ ಹಗಲು ಕಚ್ಚಿಕೊಂಡು ಕೂಡುವುದು. ಹೊಲಿಗೆ ಮಷಿನ್ ಮುಂದೆ ಕೂತಾಗ ಹಲ್ಲು ಕಚ್ಚಿ ಹಿಡಿಯುತ್ತಿದ್ದೆ, ನನಗೇ ಅರಿವಿಲ್ಲ. ಮೇಡಂ ಕೇಳಿದರು, "ಸುಮ್ಮನೆ ಕೂತಾಗ ನಿಮ್ಮ ಮೇಲಿನ ಹಲ್ಲು ಕೆಳಗಿನ ಹಲ್ಲು ಮುಟ್ಟಿರಬೇಕೋ ಬಿಟ್ಟಿರಬೇಕೋ?" ನಾನು ಮುಟ್ಟಿರಬೇಕು ಅಂದೆ. ತಪ್ಪು! ಊಟ ಮಾಡುವಾಗ, ನುಂಗುವಾಗ ಬಿಟ್ಟರೆ ಹಲ್ಲು ಹಲ್ಲಿಗೆ ತಾಗಬಾರದಂತೆ. ಅವರು ಕಲಿಸಿದ ಉಪಾಯ: "ಅಮ್ಮ" ಅನ್ನಲು ಶುರುಮಾಡಿ "ಮ್" ಅನ್ನುವಲ್ಲಿ ನಿಂತುಬಿಡಿ. ತುಟಿ ಮುಚ್ಚಿರುತ್ತವೆ, ಹಲ್ಲು ಬಿಟ್ಟಿರುತ್ತವೆ. ದವಡೆ ಇರಬೇಕಾದದ್ದು ಹಾಗೆ. ಮಷಿನ್ನಿಗೆ ಒಂದು ಕೆಂಪು ಬಟ್ಟೆ ಚೂರು ಕಟ್ಟಿದ್ದೇನೆ, ಕಣ್ಣಿಗೆ ಬಿದ್ದಾಗಲೆಲ್ಲ "ಅಮ್".

ಊಟದ ವಿಷಯ: ಖಡಕ್ ರೊಟ್ಟಿ ಎರಡು ತಿಂಗಳು ಬಂದ್ ಮಾಡಿದ್ದೆ, ಜೀವ ಹೋದಂಗಾಗಿತ್ತು. ಬಿಸಿ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನುತ್ತಿದ್ದೆ. ರಾತ್ರಿ ಹಲ್ಲಿಗೆ ಹಾಕಿಕೊಳ್ಳುವ ನೈಟ್ ಗಾರ್ಡ್ ಕೂಡ ಮಾಡಿಸಿಕೊಟ್ಟರು, ಗಟ್ಟಿ ಪ್ಲಾಸ್ಟಿಕ್ಕಿನದು, ಅಚ್ಚು ತೆಗೆದು ಮಾಡಿದ್ದು. ಅದಕ್ಕೂ ಮೊದಲು ಆನ್‌ಲೈನಿನಲ್ಲಿ ತರಿಸಿದ್ದ ಮೆತ್ತಗಿನದನ್ನು ನಾನು ಚ್ಯೂಯಿಂಗ್ ಗಮ್ ಥರ ಅಗಿದು ಬೆಳಿಗ್ಗೆ ಜಾಸ್ತಿ ನೋವು ಮಾಡಿಕೊಂಡಿದ್ದೆ.

ಮತ್ತೊಂದು. ಯಾರಾದರೂ ಡಿಪ್ರೆಶನ್ನಿಗೆ, ಟೆನ್ಶನ್ನಿಗೆ ಮಾತ್ರೆ ತಗೊಳ್ಳುತ್ತಿದ್ದರೆ ಅದನ್ನು ಹಲ್ಲಿನ ಡಾಕ್ಟರಿಗೆ ಹೇಳಿ. ಕೆಲವು ಮಾತ್ರೆಗಳಿಂದ ಹಲ್ಲು ಕಡಿಯುವುದು ಶುರುವಾಗುತ್ತದೆ. ಸ್ವಂತ ಬುದ್ಧಿಯಿಂದ ಮಾತ್ರೆ ನಿಲ್ಲಿಸಬೇಡಿ ಮತ್ತೆ.

ಅಡಿಕೆ_ಬಿಟ್ಟವ

ಶಿರಸಿ ಅಂದದ್ದಕ್ಕೆ ಕೇಳುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ಕವಳ (ಎಲೆ ಅಡಿಕೆ) ಹಾಕುವ ಅಭ್ಯಾಸ ಇದೆಯಾ? ಗುಟ್ಕಾ, ಸಿಹಿ ಅಡಿಕೆ, ಏನಾದರೂ?

ನಾನು ಶಿವಮೊಗ್ಗ ಜಿಲ್ಲೆಯವನು. ಹೈಸ್ಕೂಲಿನಿಂದ ಗುಟ್ಕಾ. ರಾಜ್ಯದಲ್ಲಿ 2013ರಲ್ಲಿ ಬ್ಯಾನ್ ಆದಾಗ ಬಿಡುವ ಬದಲು ಪಾನ್ ಮಸಾಲಾ ಒಂದು, ತಂಬಾಕು ಒಂದು ಅಂತ ಎರಡು ಪ್ಯಾಕೆಟ್ ಕೊಂಡು ಬೆರೆಸಿ ಹಾಕುತ್ತಿದ್ದವನು. ಬಾಯಿ ಸಣ್ಣಗಾಗುತ್ತಾ ಬಂತು. ನಾನೂ ದವಡೆ ಕೀಲು ಅಂತಲೇ ಅಂದುಕೊಂಡು ವರ್ಷಗಟ್ಟಲೆ ಎಣ್ಣೆ ಹಚ್ಚಿಕೊಂಡಿದ್ದೆ. ಅದು ಕೀಲಲ್ಲ. ಕೆನ್ನೆಯ ಒಳಗಿನ ಚರ್ಮವೇ ಬಿಳಿಚಿ, ಗಟ್ಟಿಯಾಗಿ, ಒಳಗೆ ಹಗ್ಗದ ಹಾಗೆ ನಾರು ಕಟ್ಟಿತ್ತು. ಸಬ್‌ಮ್ಯೂಕಸ್ ಫೈಬ್ರೋಸಿಸ್. ಕ್ಯಾನ್ಸರ್‌ಗೆ ತಿರುಗಬಹುದಾದ ಕಾಯಿಲೆ. ನೋವಿರುವುದಿಲ್ಲ, ಅದೇ ಮೋಸ. ಮೊದಲು ಗೊತ್ತಾದದ್ದು ಖಾರದಿಂದ. ಮಿಡಿ ಉಪ್ಪಿನಕಾಯಿ ನಾಲಿಗೆಗೆ ತಾಗಿದರೆ ಕಣ್ಣೀರು. ಆಮೇಲೆ ಸಿಳ್ಳೆ ಹಾಕಲು ಬರಲಿಲ್ಲ, ಕೆನ್ನೆ ಊದಿಸಲು ಬರಲಿಲ್ಲ. ಬಿಟ್ಟು ಆರು ವರ್ಷ ಆಯಿತು, ಹೊಸದಾಗಿ ಗಟ್ಟಿಯಾಗಿಲ್ಲ, ಆದರೆ ಗಟ್ಟಿಯಾದದ್ದು ಪೂರ್ತಿ ಮೆತ್ತಗೂ ಆಗಿಲ್ಲ. ಆರು ತಿಂಗಳಿಗೊಮ್ಮೆ ತೋರಿಸುತ್ತಾ ಇದ್ದೇನೆ.

ಹಲ್ಲು_ಡಾಕ್ಟ್ರು

ಇದನ್ನು ನಾನೇ ಮೊದಲು ಕೇಳಬೇಕಿತ್ತು, ಥ್ಯಾಂಕ್ಸ್. ನಮ್ಮ ರಾಜ್ಯದಲ್ಲಿ ಬಾಯಿ ತೆರೆಯುತ್ತಿಲ್ಲ ಅಂತ ಬಂದವರಿಗೆ ಕೀಲು ಮುಟ್ಟುವ ಮೊದಲು ಕೆನ್ನೆ ಒಳಗೆ ಬೆರಳು ಹಾಕಿ ನೋಡಬೇಕು. ಫೈಬ್ರೋಸಿಸ್‌ನಲ್ಲಿ ಬಾಯಿ ತಿಂಗಳು ವರ್ಷ ತೆಗೆದುಕೊಂಡು ಚಿಕ್ಕದಾಗುತ್ತದೆ, ಗಲ್ಲ ಪಕ್ಕಕ್ಕೆ ಎಳೆಯುವುದು ಕಮ್ಮಿ. ಕ್ಲೋಸ್ಡ್ ಲಾಕ್ ಒಂದೇ ದಿನದಲ್ಲಿ, ಒಂದೇ ಪಕ್ಕ. ತಂಬಾಕು ಇಲ್ಲದ ಬರೀ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲೇ ಕ್ಯಾನ್ಸರ್‌ಕಾರಕ ಅಂತ ಹೇಳಿದೆ. ಮಲೆನಾಡಿನವರಿಗೆ ಇದನ್ನು ಹೇಳಿದರೆ ನನ್ನ ಮೇಲೆ ಸಿಟ್ಟು ಬರುತ್ತದೆ ಅಂತ ಗೊತ್ತು.

ದವಡೆ ನೋವೆಲ್ಲ ಕೀಲಿನದಲ್ಲ ಅಂತ ಹೇಳಲು ಇನ್ನೂ ಕೆಲವು ಇವೆ. ಮೆಟ್ಟಿಲು ಹತ್ತಿದಾಗ ಬಂದು, ನಿಂತರೆ ಕಡಿಮೆಯಾಗುವ ದವಡೆ ನೋವು ಹೃದಯದ್ದಿರಬಹುದು, ಅವತ್ತೇ ಆಸ್ಪತ್ರೆ. 50 ದಾಟಿದವರಿಗೆ ಹೊಸದಾಗಿ ಕಣತಲೆ ನೋವು, ಅಗಿಯುತ್ತಾ ಹೋದಂತೆ ದವಡೆ ಸೋಲುವುದು, ಕಣ್ಣು ಮಂಜಾಗುವುದು ಇದ್ದರೆ ರಕ್ತನಾಳದ ಉರಿಯೂತ ಇರಬಹುದು, ತಡಮಾಡಿದರೆ ದೃಷ್ಟಿಯೇ ಹೋಗಬಹುದು. ಮುಖ ತೊಳೆಯುವಾಗ ಕರೆಂಟ್ ಹೊಡೆದಂತೆ ಕ್ಷಣಮಾತ್ರ ಬಂದು ಹೋಗುವ ನೋವು ನರದ್ದು. ಜ್ವರ, ಊತ ಇದ್ದು ಬಾಯಿ ತೆರೆಯದಿದ್ದರೆ ಮೊದಲು ಬುದ್ಧಿಹಲ್ಲಿನ ಸೋಂಕು ನೋಡಬೇಕು. ಮಕ್ಕಳು ಗಲ್ಲ ಕೆಳಗಾಗಿ ಬಿದ್ದರೆ, ಗಲ್ಲಕ್ಕೆ ಹೊಲಿಗೆ ಹಾಕಿಸಿ ಸುಮ್ನೆ ಕೂರಬೇಡಿ, ಕಿವಿ ಮುಂದಿನ ಮೂಳೆ ಮುರಿದಿದ್ದು ಗೊತ್ತಾಗದೆ ಮುಂದೆ ಕೀಲೇ ಬೆಸೆದುಹೋದ ಮಕ್ಕಳನ್ನು ನೋಡಿದ್ದೇನೆ.

ಶಿರಸಿ_ಹುಡುಗಿ

ಅಯ್ಯೋ, ಇಷ್ಟೊಂದು ಉತ್ತರ! ಎಲ್ಲರಿಗೂ ಥ್ಯಾಂಕ್ಸ್.

ಕನ್ನಡಿಯಲ್ಲಿ ನೋಡಿದೆ, ಗಲ್ಲ ಬಲಕ್ಕೇ ಹೋಗುತ್ತದೆ. ಆಫೀಸಿನ ಸ್ಕೇಲಿನಲ್ಲಿ ಅಳೆದರೆ 27 ಮಿಲಿಮೀಟರ್. ಇಲ್ಲ ಡಾಕ್ಟ್ರೇ, ಆ ಮೂವರಲ್ಲಿ ಯಾರೂ ಕೆನ್ನೆ ಒತ್ತಿ ನೋಡಲಿಲ್ಲ. ನಾನು ಕವಳ ಹಾಕುವುದಿಲ್ಲ. ಆದರೆ ಅಪ್ಪ ಹಾಕುತ್ತಾನೆ, ನಮ್ಮದು ಎರಡು ಎಕರೆ ತೋಟ, ಊಟ ಬಿಟ್ಟರೂ ಕವಳ ಬಿಡುವುದಿಲ್ಲ. ನಿನ್ನೆ ವಿಡಿಯೋ ಕಾಲ್ ಮಾಡಿ "ಅಪ್ಪ, ಮೂರು ಬೆರಳು ಬಾಯಿಗೆ ಇಡು" ಅಂದರೆ ತಲೆ ಕೆಟ್ಟಿದೆಯಾ ಅಂದ. ಇಟ್ಟ. ಎರಡೂವರೆ. ಖಾರ ತಡೆಯುವುದಿಲ್ಲ ಅಂತ ಅಮ್ಮ ಒಂದು ವರ್ಷದಿಂದ ಅವನಿಗೆ ಬೇರೆ ಸಾರು ಮಾಡುತ್ತಿದ್ದಾಳಂತೆ, ನನಗೆ ಯಾರೂ ಹೇಳಿರಲಿಲ್ಲ.

ಹಲ್ಲು ಕಚ್ಚುವುದು ನಾನೂ ಮಾಡುತ್ತೇನೆ. ಮಾರ್ಚ್ ಪೂರ್ತಿ ಎಕ್ಸೆಲ್ ಮುಂದೆ ಕಚ್ಚಿಕೊಂಡೇ ಕೂತಿದ್ದೆ ಅಂತ ಈಗ ಹೊಳೆಯುತ್ತಿದೆ.

ಒಂದು ಪ್ರಶ್ನೆ: ಆಪರೇಷನ್ ಯಾವಾಗ ಬೇಕಾಗುತ್ತದೆ? ಬೊಟಾಕ್ಸ್ (ಸ್ನಾಯು ಸಡಿಲಿಸುವ ಇಂಜೆಕ್ಷನ್) ಅಂತಲೂ ಒಬ್ಬರು ಹೇಳಿದರು.

ಹಲ್ಲು_ಡಾಕ್ಟ್ರು

ಅಪ್ಪನನ್ನು ಮೊದಲು ಕರೆದುಕೊಂಡು ಹೋಗಿ. ನಿಮ್ಮದು ತೊಂದರೆ, ಅವರದು ಅಪಾಯ.

ಆಪರೇಷನ್ ಬೇಕಾಗುವವರು ತುಂಬಾ ಕಡಿಮೆ ಜನ. ಶಾಖ, ಮೆತ್ತಗಿನ ಊಟ, ಕೆಲವು ದಿನ ಉರಿಯೂತದ ಮಾತ್ರೆ (ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ ಇದ್ದರೆ ಡಾಕ್ಟರಿಗೆ ಹೇಳಿ), ಹೇಳಿಕೊಟ್ಟ ವ್ಯಾಯಾಮ, ಇಷ್ಟರಲ್ಲೇ ಹೆಚ್ಚಿನವರು ಸುಧಾರಿಸುತ್ತಾರೆ. ಡಿಸ್ಕ್ ಜಾಗಕ್ಕೆ ಬರದಿದ್ದರೂ ಅದರ ಹಿಂದಿನ ಅಂಗಾಂಶ ಒಗ್ಗಿಕೊಂಡು ಬಾಯಿ ತೆರೆಯುತ್ತದೆ. ಆಗಲಿಲ್ಲ ಅಂದರೆ ಮುಂದಿನ ಹೆಜ್ಜೆ ಕೀಲನ್ನು ತೊಳೆಯುವುದು. ಎರಡು ಸೂಜಿ, ಒಂದರಿಂದ ಸಲೈನ್ ಒಳಗೆ, ಇನ್ನೊಂದರಿಂದ ಹೊರಗೆ. ಇದೇ ಥರದ ಲಾಕ್‌ಗೆ ಜೆರುಸಲೇಮಿನ ಡಾಕ್ಟರ್ ಡೊರಿಟ್ ನಿಟ್ಜಾನ್ ಮತ್ತು ಜೊತೆಗಾರರು 1991ರಲ್ಲಿ ಇದನ್ನು ಬರೆದು ತೋರಿಸಿದರು. ಕೀಲು ಬಿಚ್ಚುವ ಆಪರೇಷನ್ ಎಲ್ಲಕ್ಕಿಂತ ಕೊನೆಗೆ.

ಅವಸರ ಬೇಡ ಅನ್ನುವುದಕ್ಕೆ ಕಾರಣ ಇದೆ. 1980ರ ದಶಕದಲ್ಲಿ ಅಮೆರಿಕದಲ್ಲಿ ಡಿಸ್ಕ್ ತೆಗೆದು ಟೆಫ್ಲಾನ್ ಸೇರಿದ ಕೃತಕ ಡಿಸ್ಕ್ ಇಟ್ಟರು. ಅದು ಒಳಗೆ ಚೂರುಚೂರಾಗಿ ಪಕ್ಕದ ಮೂಳೆಯನ್ನೇ ಕರಗಿಸಿತು, ಕೊನೆಗೆ ಅಲ್ಲಿನ ಸರ್ಕಾರ ವಾಪಸ್ ತೆಗೆಸಬೇಕಾಯಿತು. ಬೊಟಾಕ್ಸ್ ಬಗ್ಗೆ: 2023ರ ಡಿಸೆಂಬರ್‌ನಲ್ಲಿ ಬಿಎಂಜೆ ಅನ್ನುವ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಮಾರ್ಗಸೂಚಿ, ಮೂರು ತಿಂಗಳು ಮೀರಿದ ನೋವಿಗೆ, ವ್ಯಾಯಾಮ, ಕೈಚಿಕಿತ್ಸೆ, ಮನಸ್ಸಿನ ಚಿಕಿತ್ಸೆ ಇವುಗಳ ಪರವಾಗಿತ್ತು, ಬೊಟಾಕ್ಸ್ ಪರವಾಗಿರಲಿಲ್ಲ. ನೈಟ್ ಗಾರ್ಡ್, ನಾನು ಈಗ ಹೇಳಿದ ಕೀಲು ತೊಳೆಯುವುದು, ಇವಕ್ಕೂ ಅದು ಅಷ್ಟು ಒಲವು ತೋರಿಸಲಿಲ್ಲ. ಹಲ್ಲು ಸವೆಯದಂತೆ ಕಾಯಲು ಗಾರ್ಡ್ ನಾನು ಈಗಲೂ ಕೊಡುತ್ತೇನೆ, ಅದೊಂದೇ ಮದ್ದು ಅಂತ ಮಾತ್ರ ಹೇಳುವುದಿಲ್ಲ. ಈ ವಿಷಯದಲ್ಲಿ ನಮ್ಮವರಲ್ಲೇ ಜಗಳ ಇದೆ.

ಮಂಡ್ಯದ_ಮುದ್ದೆ

ಎಲ್ಲಾ ಓದಿದೆ. ಅಗಿಯಬಾರದು ಅಂದರೆ ಇಷ್ಟೊಂದು ಯೋಚನೆ ಯಾಕ್ರೀ, ಮುದ್ದೆ ಇದೆಯಲ್ಲ. ಅಗಿಯುವ ಹಾಗೇ ಇಲ್ಲ, ನುಂಗುವುದೇ. ತುತ್ತು ಮಾತ್ರ ಚಿಕ್ಕದು ಮಾಡಿ, 27 ಮಿಲಿಮೀಟರಿಗೆ ನಮ್ಮ ಅಳತೆಯದು ಹಿಡಿಸಲ್ಲ.

ಶಿರಸಿ_ಹುಡುಗಿ

ಏಳು ವಾರದ ನಂತರ ಬರೆಯುತ್ತಿದ್ದೇನೆ, ಯಾರಿಗಾದರೂ ಉಪಯೋಗ ಆಗಲಿ ಅಂತ.

ಡೆಂಟಲ್ ಕಾಲೇಜಿಗೆ ಹೋದೆ. ಪಿಜಿ ಓದುವ ಹುಡುಗಿಯೊಬ್ಬಳು ಇಪ್ಪತ್ತು ನಿಮಿಷ ಕೆನ್ನೆ, ಕಣತಲೆ, ಕೀಲು ಎಲ್ಲ ಒತ್ತಿ, ಪ್ರತಿ ಸಲವೂ "ಇದೇ ನೋವಾ" ಅಂತ ಕೇಳಿ ಬರೆದುಕೊಂಡಳು. ಆಮೇಲೆ ಅವರ ಮೇಡಂ ಬಂದು ಕೈಯಿಂದ ಎಳೆದು ನೋಡಿದರು, ಅವತ್ತು ಬಿಡಲಿಲ್ಲ, ಕಣ್ಣಲ್ಲಿ ನೀರು ಬಂತು. ಬಿಸಿ ಬಟ್ಟೆ ಶಾಖ ದಿನಕ್ಕೆ ಮೂರು ಸಲ, ಹದಿನೈದು ನಿಮಿಷ (ಅಮ್ಮನಿಗೆ ಹೇಳಿದರೆ "ನಾನೇನು ಹೇಳಿದ್ದೆ" ಅಂದಳು), ಹತ್ತು ದಿನ ಮಾತ್ರೆ, ವಾರಕ್ಕೊಮ್ಮೆ ಫಿಸಿಯೋ. ನಾಲಿಗೆ ತುದಿ ಅಂಗುಳಕ್ಕೆ ಇಟ್ಟು ನಿಧಾನಕ್ಕೆ ತೆರೆಯುವ ವ್ಯಾಯಾಮ, ಆಮೇಲೆ ಬೆರಳಿನಿಂದ ಮೆಲ್ಲಗೆ ಹಿಗ್ಗಿಸುವುದು. ಮಾನಿಟರ್ ಮೂಲೆಗೆ "ಅಮ್" ಅಂತ ಚೀಟಿ ಅಂಟಿಸಿದ್ದೇನೆ, ಬಾಸ್‌ಗೆ ಇನ್ನೂ ಅರ್ಥ ಆಗಿಲ್ಲ. ಎಂಆರ್‌ಐ ತೆಗೆಸಲಿಲ್ಲ.

ಇವತ್ತು 38 ಮಿಲಿಮೀಟರ್. ಕಿವಿ ನೋವು ಇಲ್ಲ. ಸದ್ದು ವಾಪಸ್ ಬಂದಿಲ್ಲ, ಬರದಿದ್ದರೂ ಪರವಾಗಿಲ್ಲ ಅಂದರು.

ಅಪ್ಪನಿಗೆ ಫೈಬ್ರೋಸಿಸ್ ಶುರುವಾಗಿದೆ. ಒಂದು ಕಡೆ ಬಿಳಿ ಮಚ್ಚೆ ಇತ್ತು ಅಂತ ಬಯಾಪ್ಸಿ ಮಾಡಿದರು, ಕ್ಯಾನ್ಸರ್ ಅಲ್ಲ ಅಂತ ಬಂತು. ಕವಳದ ಸಂಚಿ ಅಟ್ಟದ ಮೇಲೆ ಇಟ್ಟಿದ್ದಾನಂತೆ, ಬಿಸಾಕಿಲ್ಲ. ಅಮ್ಮ ದಿನಾ ಹತ್ತಿ ನೋಡಿ ಬರುತ್ತಾಳೆ.